ಮಿತಾಹಾರ ಮತ್ತು ಕಿಡ್ನಿ ರೋಗಿ

ಮಿತವಾಗಿ ಉಣ್ಣಬೇಕೆಂಬ ಪಾಠವನ್ನು ನಾವು ಬಾಲ್ಯದಿಂದಲೇ ಕಲಿತಿದ್ದೇವೆ. ಹೊಟ್ಟೆ ಬಿರಿಯುವಂತೆ ತಿನ್ನದೆ, ಉಸಿರಿಗೂ ಜಾಗ ಬಿಡಬೇಕೆಂದು ಪ್ರವಾದಿವರ್ಯರು(ಸ) ಬೋಧಿಸಿದ್ದಾರೆ. ಆದರೆ ಆ ಬೋಧನೆಯನ್ನು ತಪ್ಪಾಗಿ ಗ್ರಹಿಸಿ ರೋಗಿಯನ್ನು ಹಸಿವೆಗೆ ದೂಡಿದರೆ ಏನಾದೀತು?

ನಮ್ಮ ಕುಟುಂಬದ ಹಿರಿಯರೊಬ್ಬರಿಗೆ ಕಿಡ್ನಿ ಕಾಯಿಲೆ ಇರುವುದು ಪತ್ತೆಯಾಯಿತು. 'ತಿಂದಷ್ಟೂ ಕಿಡ್ನಿಗೆ ಹೊರೆ' ಎಂದು ಯಾರೋ ಹೇಳಿದ ಮಾತು ನಂಬಿ ಅವರು ಎರಡು ಹೊತ್ತಿನ ಗಂಜಿಗೆ ಇಳಿದರು. ಮೂರು ತಿಂಗಳ ಬಳಿಕ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ತುಸು ಕಡಿಮೆಯಾಗಿತ್ತು. ಮನೆಮಂದಿಯೆಲ್ಲ ಅಲ್‌ಹಮ್ದುಲಿಲ್ಲಾಹ್ ಎಂದೆವು. ಆದರೆ ಅಷ್ಟರಲ್ಲಿ ಅವರು ಸುಜೂದ್‌ನಿಂದ ಏಳಲು ಗೋಡೆ ಹಿಡಿಯತೊಡಗಿದ್ದರು. ಪರೀಕ್ಷಿಸಿದ ವೈದ್ಯರು, "ಕಡಿಮೆಯಾದದ್ದು ರೋಗವಲ್ಲ, ಇವರ ಮಾಂಸಖಂಡ" ಎಂದರು.

ಇದರ ಮರ್ಮವನ್ನು ಅರಿಯೋಣ. ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡಗಳಲ್ಲಿ. ಮಾಂಸಖಂಡ ಕರಗಿದರೆ ಕಿಡ್ನಿ ಸುಧಾರಿಸದಿದ್ದರೂ ಆ ಅಂಕಿ ಇಳಿಯುತ್ತದೆ. ದೇಹಕ್ಕೆ ಬೇಕಾದ ಕ್ಯಾಲೊರಿ ಊಟದಿಂದ ಸಿಗದಿದ್ದರೆ, ದೇಹವು ತನ್ನದೇ ಮಾಂಸಖಂಡದ ಪ್ರೋಟೀನನ್ನು ಸುಡುತ್ತದೆ. ಅದರಿಂದ ಯೂರಿಯಾ ಉಂಟಾಗಿ, ಸೋತ ಕಿಡ್ನಿಯೇ ಅದನ್ನೂ ಹೊರಹಾಕಬೇಕಾಗುತ್ತದೆ. ಹೊರೆ ಇಳಿಸಲು ಹೊರಟವರು ಹೊರೆ ಏರಿಸಿದಂತಾಯಿತು!

ಹಾಗಾದರೆ ಕಡಿಮೆ ತಿನ್ನುವುದರಿಂದ ಪ್ರಯೋಜನವೇ ಇಲ್ಲವೇ? ಖಂಡಿತ ಇದೆ. 1935ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಕ್ಲೈವ್ ಮೆಕೇ, ಆಹಾರ ಮಿತಗೊಳಿಸಿದ ಇಲಿಗಳು ಹೆಚ್ಚು ಕಾಲ ಬದುಕುವುದನ್ನು ತೋರಿಸಿದರು. ಅಂತಹ ಇಲಿಗಳ ಕಿಡ್ನಿಗೆ ಮುಪ್ಪಿನಲ್ಲಿ ಹಾನಿ ಕಡಿಮೆಯೆಂದು ಮುಂದಿನ ಪ್ರಯೋಗಗಳಲ್ಲಿ ಕಂಡುಬಂತು. ಮನುಷ್ಯರಲ್ಲೂ ಅತಿಬೊಜ್ಜು ಕಿಡ್ನಿಯ ಸೋಸುವ ಘಟಕಗಳ ಮೇಲೆ ಒತ್ತಡ ಹೇರುತ್ತದೆ. ಬೊಜ್ಜಿರುವ ರೋಗಿ ವೈದ್ಯರ ನಿಗಾದಲ್ಲಿ ನಿಧಾನವಾಗಿ ತೂಕ ಇಳಿಸಿದರೆ ಮೂತ್ರದಲ್ಲಿ ಸೋರುವ ಪ್ರೋಟೀನ್ ಕಡಿಮೆಯಾಗುತ್ತದೆ, ರಕ್ತದೊತ್ತಡವೂ ತಗ್ಗುತ್ತದೆ. ಆದರೆ ಬಡಕಲು ದೇಹದವರಿಗೆ, ರೋಗ ಬಲಿತವರಿಗೆ, ಡಯಾಲಿಸಿಸ್‌ನಲ್ಲಿರುವವರಿಗೆ ಈ ಮಾತು ಅನ್ವಯಿಸದು.

ಅಮೆರಿಕದ ರಾಷ್ಟ್ರೀಯ ಕಿಡ್ನಿ ಪ್ರತಿಷ್ಠಾನದ 2020ರ ಮಾರ್ಗಸೂಚಿಯು ಕಿಡ್ನಿ ರೋಗಿಗಳಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 25ರಿಂದ 35 ಕ್ಯಾಲೊರಿ ಸೂಚಿಸುತ್ತದೆ. 60 ಕಿಲೋ ತೂಕದವರಿಗೆ ಇದು 1500ರಿಂದ 2100 ಕ್ಯಾಲೊರಿ. ವೈದ್ಯರು ಮಾಂಸ, ಬೇಳೆ ಕಡಿಮೆ ಮಾಡಿ ಎಂದರೆ ಅದು ಪ್ರೋಟೀನಿನ ಮಿತಿಯೇ ಹೊರತು ಒಟ್ಟು ಊಟದ ಮಿತಿಯಲ್ಲ. ಆ ಕೊರತೆಯನ್ನು ಅನ್ನ, ಸಾಬಕ್ಕಿ, ಎಣ್ಣೆಗಳಿಂದ ತುಂಬಬೇಕು. ಡಯಾಲಿಸಿಸ್ ಆರಂಭವಾದ ಮೇಲಂತೂ ಪ್ರೋಟೀನ್ ಹೆಚ್ಚು ಬೇಕು: ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ.

ಸಕ್ಕರೆ ಕಾಯಿಲೆಯೂ ಇರುವವರು ಇನ್ನಷ್ಟು ಎಚ್ಚರವಾಗಿರಬೇಕು. ಸೋತ ಕಿಡ್ನಿಯಲ್ಲಿ ಇನ್ಸುಲಿನ್ ಬೇಗ ಕರಗುವುದಿಲ್ಲ. ಊಟ ಕಡಿಮೆ ಮಾಡಿ ಇನ್ಸುಲಿನ್ ಅಥವಾ ಮಾತ್ರೆಯನ್ನು ಮೊದಲಿನಷ್ಟೇ ತೆಗೆದುಕೊಂಡರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು.

ರಮಝಾನ್‌ನ ವಿಷಯವೂ ಇದೇ. ಉಪವಾಸವನ್ನು ಕಡ್ಡಾಯಗೊಳಿಸಿದ ಸೂರಃ ಅಲ್‌ಬಕರದಲ್ಲಿಯೇ ಅಲ್ಲಾಹನು ರೋಗಿಗೆ ರಿಯಾಯಿತಿ ನೀಡಿದ್ದಾನೆ. ಗುಣವಾಗುವ ಭರವಸೆಯಿದ್ದರೆ ನಂತರ ಪೂರೈಸಬಹುದು. ಇಲ್ಲದವರಿಗೆ ಫಿದ್ಯದ ದಾರಿಯಿದೆ. ರಮಝಾನ್‌ಗೆ ಮುಂಚೆಯೇ ವೈದ್ಯರನ್ನೂ ಉಲಮಾಗಳನ್ನೂ ವಿಚಾರಿಸಿರಿ. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಸ್ವೀಕರಿಸುವುದು ಈಮಾನಿನ ದೌರ್ಬಲ್ಯವಲ್ಲ. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆಯೆಂಬುದು ಪ್ರವಾದಿವರ್ಯರ(ಸ) ಬೋಧನೆ.

ಮನೆಯಲ್ಲಿ ಕಿಡ್ನಿ ರೋಗಿಯಿದ್ದರೆ ವರದಿಯ ಅಂಕಿಯೊಂದನ್ನೇ ನೋಡಬೇಡಿರಿ. ತಿಂಗಳಿಗೊಮ್ಮೆ ತೂಕ ನೋಡಿರಿ. ತಟ್ಟೆಯಲ್ಲಿ ಎಷ್ಟು ಉಳಿಯಿತೆಂದು ಗಮನಿಸಿರಿ. ಅವರು ಸುಜೂದ್‌ನಿಂದ ಹೇಗೆ ಏಳುತ್ತಾರೆಂದೂ ನೋಡಿರಿ. ಅಲ್ಲಾಹನು ಎಲ್ಲ ರೋಗಿಗಳಿಗೆ ಶಿಫಾ ಕರುಣಿಸಲಿ. ಆಮೀನ್.