ಪಡಿತರದ ಹಣ ಊರ ಸಂತೆಗೆ ಬರಬೇಕಾದರೆ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ರಾಜ್ಯದ ಮಧ್ಯ ಒಣವಲಯಕ್ಕೆ ಸೇರಿದವು. ಇಲ್ಲಿನ ಖುಷ್ಕಿ ರೈತರ ಮನೆಗಳಲ್ಲಿ ಎರಡು ಕಾಗದಗಳು ಸಾಮಾನ್ಯವಾಗಿ ಒಂದೇ ಪೆಟ್ಟಿಗೆಯಲ್ಲಿರುತ್ತವೆ: ಒಂದು ಪಹಣಿ, ಇನ್ನೊಂದು ಪಡಿತರ ಚೀಟಿ. ಆಹಾರ ಬೆಳೆಯುವವರೂ ಅವರೇ, ಸರ್ಕಾರದ ಆಹಾರ ನೆರವು ಪಡೆಯುವವರೂ ಅವರೇ. ಈ ಎರಡು ಕಾಗದಗಳಿಗೆ ನಡುವೆ ಒಂದು ದಾರಿ ಇದೆಯೆಂಬುದು 2023ರ ನಂತರ ಸ್ಪಷ್ಟವಾಗಿ ಕಂಡಿತು.

ರಾಜ್ಯದಲ್ಲಿ ಅನ್ನಭಾಗ್ಯ ಯೋಜನೆ ಆರಂಭವಾದುದು 2013ರ ಜುಲೈನಲ್ಲಿ. ಹತ್ತು ವರ್ಷಗಳ ನಂತರ ತಲೆಗೆ ಇನ್ನೂ 5 ಕಿಲೊ ಅಕ್ಕಿ ಹೆಚ್ಚಾಗಿ ಕೊಡುವುದೆಂದು ರಾಜ್ಯ ಸರ್ಕಾರ ನಿರ್ಧರಿಸಿತು. ಆದರೆ 2023ರ ಜೂನ್‌ನಲ್ಲಿ ಕೇಂದ್ರವು ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿತು. ಅಕ್ಕಿ ದೊರೆಯದ ಕಾರಣ, ಕಿಲೊಗೆ 34 ರೂಪಾಯಿಯಂತೆ ತಲೆಗೆ ತಿಂಗಳಿಗೆ 170 ರೂಪಾಯಿ ಹಣವನ್ನು ಚೀಟಿಯ ಮುಖ್ಯಸ್ಥರ ಬ್ಯಾಂಕ್ ಖಾತೆಗೆ ಜಮಾ ಮಾಡುವ ಏರ್ಪಾಡು 2023ರ ಜುಲೈ 10ರಂದು ಆರಂಭವಾಯಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಮನೆಯ ಹಿರಿಯ ಮಹಿಳೆಯೇ ಚೀಟಿಯ ಮುಖ್ಯಸ್ಥೆ. ಹಾಗಾಗಿ ಈ ಹಣ ಬಹುಪಾಲು ಹೆಂಗಸರ ಖಾತೆಗೆ ಬಂದಿತು. 2025ರ ಫೆಬ್ರವರಿಯಿಂದ ಹಣದ ಬದಲು ಮತ್ತೆ ಅಕ್ಕಿಯೇ ಗೊತ್ತಾಯಿತು. ನಡುವಿನ ಒಂದೂವರೆ ವರ್ಷದಲ್ಲಿ ಕಂತುಗಳು ತಡವಾದುದೂ ಉಂಟು. ಆದರೂ ಆಹಾರ ನೆರವಿನ ಒಂದು ಭಾಗ ಹಣದ ರೂಪದಲ್ಲಿ ಹಳ್ಳಿಗೆ ಬಂದು, ಅದನ್ನು ಎಲ್ಲಿ ಖರ್ಚು ಮಾಡಬೇಕೆಂಬ ಆಯ್ಕೆ ಮನೆಯಾಕೆಯ ಕೈಯಲ್ಲಿ ಉಳಿದಿದ್ದ ಕಾಲ ಅದು.

ಲೆಕ್ಕ ನೋಡೋಣ. ಐದು ಜನರ ಮನೆಗೆ ತಿಂಗಳಿಗೆ 850 ರೂಪಾಯಿ. ಒಂದು ಹಳ್ಳಿಯಲ್ಲಿ 200 ಚೀಟಿಗಳಿದ್ದು, ಚೀಟಿಗೆ ಸರಾಸರಿ ನಾಲ್ಕು ಜನರೆಂದು ಇಟ್ಟುಕೊಂಡರೆ ತಿಂಗಳಿಗೆ 1,36,000 ರೂಪಾಯಿ, ವರ್ಷಕ್ಕೆ 16 ಲಕ್ಷಕ್ಕೂ ಮೇಲೆ. ಇಷ್ಟು ಹಣದಲ್ಲಿ ಅದೇ ಹಳ್ಳಿಯ ಹೊಲದಲ್ಲಿ ಬೆಳೆದುದಕ್ಕೆ ಎಷ್ಟು ಸಂದಿತು ಎಂದು ಪ್ರತಿಯೊಂದು ಊರಿನವರೂ ತಾವೇ ಕೇಳಿಕೊಳ್ಳಬಹುದು. ಕಡಲೆಕಾಯಿ ಕಿತ್ತ ಕೂಡಲೇ ಮೂಟೆ ಕಟ್ಟಿ ವ್ಯಾಪಾರಿಗೆ ಕೊಟ್ಟು, ಮರುವಾರ ಅಂಗಡಿಯಿಂದ ಹೊರದೇಶದ ತಾಳೆ ಎಣ್ಣೆಯ ಪೊಟ್ಟಣ ತರುವುದು ನಮ್ಮಲ್ಲಿ ಹೊಸದೇನಲ್ಲ.

ಆ 850 ರೂಪಾಯಿಗೆ ಏನೇನು ಬರುತ್ತಿತ್ತು? ಸಂತೆಯ ಧಾರಣೆ ವಾರವಾರಕ್ಕೂ ಬದಲಾಗುವುದರಿಂದ 2023-24ರ ಬೆಂಬಲ ಬೆಲೆಯನ್ನೇ ಅಳತೆಗೋಲಾಗಿ ಹಿಡಿಯೋಣ. ಆ ವರ್ಷ ಕ್ವಿಂಟಲ್ ರಾಗಿಗೆ 3,846, ತೊಗರಿಗೆ 7,000, ಕಡಲೆಕಾಯಿಗೆ 6,377 ರೂಪಾಯಿ ಇತ್ತು. ಈ ದರದಲ್ಲಿ ಹತ್ತು ಕಿಲೊ ರಾಗಿ, ಮೂರು ಕಿಲೊ ತೊಗರಿ, ಮೂರು ಕಿಲೊ ಕಡಲೆಕಾಯಿ ಕೊಂಡರೆ 786 ರೂಪಾಯಿ ಆಗುತ್ತದೆ. ಸೊಪ್ಪು ತರಕಾರಿಗೆ 64 ರೂಪಾಯಿ ಉಳಿಯುತ್ತದೆ. ಇದೇ ಹಣದ ಬದಲು ಬರುವ 25 ಕಿಲೊ ಅಕ್ಕಿ ಹೊಟ್ಟೆ ತುಂಬಿಸುತ್ತದೆ, ನಿಜ. ಆದರೆ ನೂರು ಗ್ರಾಂ ಅಕ್ಕಿಯಲ್ಲಿ ಸಸಾರಜನಕ 7-8 ಗ್ರಾಂ ಮಾತ್ರ. ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ, ಕಡಲೆಬೀಜದಲ್ಲಿ ಸುಮಾರು 25 ಗ್ರಾಂ. ರಾಗಿಯಲ್ಲಿರುವ ಸುಣ್ಣದ ಅಂಶ ಅಕ್ಕಿಯದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಬಸುರಿ ಬಾಣಂತಿಯರೂ ಬೆಳೆಯುವ ಮಕ್ಕಳೂ ಇರುವ ಮನೆಗೆ ಈ ವ್ಯತ್ಯಾಸ ಸಣ್ಣದಲ್ಲ.

ಇತರ ದೇಶಗಳ ಅನುಭವ

ಬಡವರ ಆಹಾರ ನೆರವನ್ನೂ ರೈತರ ಮಾರಾಟವನ್ನೂ ಒಂದೇ ಹಗ್ಗದಲ್ಲಿ ಕಟ್ಟುವ ಯತ್ನ ಹಳೆಯದು. ಅಮೆರಿಕದ ರೋಚೆಸ್ಟರ್ ಪಟ್ಟಣದಲ್ಲಿ 1939ರಲ್ಲಿ ಆಹಾರದ ಚೀಟಿಗಳನ್ನು ಮೊದಲು ಹಂಚಿದರು. ಒಂದು ಡಾಲರ್ ಕೊಟ್ಟು ಕಿತ್ತಳೆ ಬಣ್ಣದ ಚೀಟಿ ಕೊಂಡವರಿಗೆ ಅರ್ಧ ಡಾಲರಿನ ನೀಲಿ ಚೀಟಿ ಉಚಿತ. ನೀಲಿ ಚೀಟಿಗೆ ಸಿಗುತ್ತಿದ್ದುದು ರೈತರಲ್ಲಿ ಮಾರಾಟವಾಗದೆ ಉಳಿದಿದೆಯೆಂದು ಸರ್ಕಾರ ಪಟ್ಟಿ ಮಾಡಿದ ಪದಾರ್ಥ ಮಾತ್ರ. ಈಗ ಅಲ್ಲಿ ಚೀಟಿಯ ಬದಲು ಕಾರ್ಡು ಇದೆ. ರೈತರ ಸಂತೆಯಲ್ಲಿ ಪ್ರತಿ ರೈತನ ಬಳಿಯೂ ಕಾರ್ಡು ಉಜ್ಜುವ ಯಂತ್ರ ಇರುವುದಿಲ್ಲ. ಹಾಗಾಗಿ ಅನೇಕ ಕಡೆ ಸಂತೆಯ ಕಚೇರಿಯಲ್ಲಿ ಒಂದೇ ಯಂತ್ರ ಇಟ್ಟು, ಕಾರ್ಡಿನಿಂದ ತೆಗೆದ ಹಣಕ್ಕೆ ಬಿಲ್ಲೆಗಳನ್ನು ಕೊಡುತ್ತಾರೆ. ಗಿರಾಕಿ ಬಿಲ್ಲೆ ಕೊಟ್ಟು ತರಕಾರಿ ಕೊಳ್ಳುತ್ತಾನೆ; ರೈತ ಬಿಲ್ಲೆಗಳನ್ನು ಕಚೇರಿಗೆ ಒಪ್ಪಿಸಿ ಹಣ ಪಡೆಯುತ್ತಾನೆ. 2009ರಲ್ಲಿ ಡೆಟ್ರಾಯಿಟ್‌ನಲ್ಲಿ ಆರಂಭವಾದ ಒಂದು ಕಾರ್ಯಕ್ರಮದಲ್ಲಿ ಹೀಗೆ ಸಂತೆಯಲ್ಲಿ ಖರ್ಚು ಮಾಡಿದ ಪ್ರತಿ ಡಾಲರಿಗೂ ಹಣ್ಣು ತರಕಾರಿಗೆಂದು ಇನ್ನೊಂದು ಡಾಲರ್ ಸೇರಿಸಿ ಕೊಡುತ್ತಾರೆ. ಆಹಾರ ಕೊಡುವ ಗಿಡ ಮತ್ತು ಬೀಜಗಳನ್ನೂ ಆ ಕಾರ್ಡಿನಿಂದ ಕೊಳ್ಳಬಹುದೆಂಬುದು ನಮ್ಮ ಓದುಗರಿಗೆ ಹಿಡಿಸುವ ಸಂಗತಿ.

ನಮ್ಮಲ್ಲಿ ಯಂತ್ರವೂ ಬೇಡ, ಬಿಲ್ಲೆಯೂ ಬೇಡ. ಹಣ ನೇರವಾಗಿ ಖಾತೆಗೆ ಬಂದಿತ್ತು, ಸಂತೆಯಂತೂ ಮೊದಲಿನಿಂದ ಇದ್ದೇ ಇದೆ. ಕೊರತೆ ಇದ್ದುದು ಸಂತೆಯ ಗೋಣಿತಾಟಿನ ಮೇಲೆ. ಹಲವು ಸಂತೆಗಳಲ್ಲಿ ಪಟ್ಟಣದ ಮಂಡಿಯಿಂದ ತಂದು ಮಾರುವವರೇ ಹೆಚ್ಚಾಗಿ, ಬೆಳೆದವನು ಕೂತ ಜಾಗ ಮೂಲೆಯಲ್ಲಿ ಎಲ್ಲೋ ಇರುತ್ತದೆ.

ಸಂತೆಗೆ ಏನು ಒಯ್ಯಬೇಕು?

ರಾಗಿಯ ವಿಷಯ ಮೊದಲು. 2025-26ರ ಸಾಲಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಸಂತೆಯಲ್ಲಿ ಈ ಬೆಲೆ ಸಿಗದಿದ್ದರೆ ಫ್ರೂಟ್ಸ್ ಗುರುತಿನ ಸಂಖ್ಯೆ ಮಾಡಿಸಿಕೊಂಡು ಖರೀದಿ ಕೇಂದ್ರಕ್ಕೆ ಕೊಡುವುದೇ ಮೇಲು. ಹಾಗೆ ಖರೀದಿಸಿದ ರಾಗಿ ದಕ್ಷಿಣದ ಜಿಲ್ಲೆಗಳ ಪಡಿತರ ಅಂಗಡಿಗೇ ಬರುತ್ತದೆ. ಆದ್ದರಿಂದ ಪಡಿತರ ಪಡೆಯುವ ಮನೆಗೆ ರಾಗಿ ಮಾರುವ ಅವಕಾಶ ಕಡಿಮೆ. ಪಡಿತರ ಅಂಗಡಿಯಲ್ಲಿ ಸಿಗದಿರುವುದೇ ಸಂತೆಯಲ್ಲಿ ರೈತನ ಸರಕು ಆಗಬೇಕು. ಅಂದರೆ ಬೇಳೆಕಾಳು, ಕಡಲೆಕಾಯಿ, ಹುಣಸೆ, ಸೊಪ್ಪು.

ಬೇಳೆಕಾಳು ನಮ್ಮ ಹೊಲಗಳಿಂದ ಏಕೆ ಕಡಿಮೆಯಾಯಿತು? ಅಕ್ಕಡಿ ಸಾಲು ಬಿಟ್ಟುಹೋದದ್ದು ಒಂದು ಕಾರಣ. ಹಿಂದೆ ರಾಗಿ ಹೊಲದಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಸಾಲುಗಳಿಲ್ಲದ ಮನೆ ಇರಲಿಲ್ಲ. ಈಗ ಕೂರಿಗೆಯ ಬದಲು ಟ್ರ್ಯಾಕ್ಟರ್ ಬಂದು, ಕಟಾವಿಗೆ ಯಂತ್ರ ಬಂದು, ಒಂದೇ ಬೆಳೆ ಸುಲಭವೆನಿಸಿದೆ. ಮಳೆಯಾಶ್ರಿತ ಬೇಸಾಯಕ್ಕೆ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಹಾಗೆಯೇ ಎಂಟು ಸಾಲು ಕಡಲೆಕಾಯಿಗೆ ಎರಡು ಸಾಲು ತೊಗರಿ ಎಂಬುದು ಪರೀಕ್ಷಿಸಿದ ಶಿಫಾರಸು. ಜುಲೈ ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟು ಕಡಲೆಕಾಯಿ ಸೊರಗಿದರೂ, ಆಳಕ್ಕೆ ಬೇರಿಳಿಸುವ ತೊಗರಿ ಸೆಪ್ಟೆಂಬರ್ ಅಕ್ಟೋಬರ್ ಮಳೆಗೆ ಚೇತರಿಸಿಕೊಳ್ಳುತ್ತದೆ. ಪಾವಗಡದಂಥ ಕಡೆ ಈ ವಿಮೆಗಿಂತ ಅಗ್ಗದ ವಿಮೆ ಬೇರೆ ಇಲ್ಲ. ಎಕರೆಗೆ ಒಂದೇ ಕ್ವಿಂಟಲ್ ತೊಗರಿ ಬಂದಿತೆನ್ನಿ. ಕೆಮ್ಮಣ್ಣು ಕಟ್ಟಿ ಒಣಗಿಸಿ ಒಡೆದರೆ ಸುಮಾರು 70 ಕಿಲೊ ಬೇಳೆ. ಕಿಲೊ ಲೆಕ್ಕದಲ್ಲಿ 70 ಮನೆಗಳ ಗಿರಾಕಿ. ಇಡೀ ಕಾಳನ್ನು ಮೂಟೆಯಲ್ಲಿ ಮಾರುವುದಕ್ಕೂ ಬೇಳೆಯನ್ನು ಕಿಲೊದಲ್ಲಿ ಮಾರುವುದಕ್ಕೂ ಇರುವ ಅಂತರ ಮನೆಯ ಹೆಂಗಸರ ಬೀಸುಕಲ್ಲಿನ ದುಡಿಮೆಗೆ ಸಿಗುವ ಕೂಲಿ.

ಕಡಲೆಕಾಯಿ ಅಕ್ಟೋಬರ್‌ಗೆ, ಅವರೆ ಮತ್ತು ಹುರುಳಿ ಡಿಸೆಂಬರ್‌ನಿಂದ ಜನವರಿಗೆ, ತೊಗರಿ ಜನವರಿಗೆ, ಹುಣಸೆ ಫೆಬ್ರವರಿ ಮಾರ್ಚ್‌ಗೆ ಬರುತ್ತವೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ರೈತನ ಬಳಿ ಮಾರಲು ಏನೂ ಇರದು. ಗಿರಾಕಿಯ ಕೈಗೆ ಹಣ ಬರುವುದಾದರೋ ಪ್ರತಿ ತಿಂಗಳು. ಆದ್ದರಿಂದ ಸಂಗ್ರಹಣೆ ಇಲ್ಲಿ ಬೇಸಾಯದಷ್ಟೇ ಮುಖ್ಯ. ಕಾಳನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಕಿಲೊಗೆ 5ರಿಂದ 10 ಮಿಲಿಲೀಟರ್ ಅಡುಗೆ ಎಣ್ಣೆ ಸವರಿ, ಮುಚ್ಚಳ ಬಿಗಿಯಾದ ಡಬ್ಬದಲ್ಲಿಟ್ಟರೆ ಹುಳುವಿನ ಬಾಧೆ ಬಹಳ ಮಟ್ಟಿಗೆ ತಪ್ಪುತ್ತದೆ.

ಕಡಲೆಕಾಯಿಯ ವಿಷಯದಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಒಳ್ಳೆಯ ಕಾಯಿ ವ್ಯಾಪಾರಿಗೆ, ಬೂಷ್ಟು ಹಿಡಿದ ಜೊಳ್ಳು ಊರ ಸಂತೆಗೆ ಎಂಬ ಅಭ್ಯಾಸ ಕೆಲವೆಡೆ ಇದೆ. ಬೂಷ್ಟು ಹಿಡಿದ ಕಾಯಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಕಿತ್ತ ಕಾಯಿಯನ್ನು ಶೇಕಡ 8ರ ತೇವಾಂಶಕ್ಕೆ, ಅಂದರೆ ಕಿವಿಯ ಬಳಿ ಅಲುಗಿಸಿದಾಗ ಬೀಜ ಗಲಗಲ ಎನ್ನುವವರೆಗೆ ಒಣಗಿಸತಕ್ಕದ್ದು. ಬೂಷ್ಟು ಬಂದುದನ್ನು ಆರಿಸಿ ಸುಡಬೇಕು, ದನಕ್ಕೂ ಹಾಕಬಾರದು.

ಹತ್ತು ಕಿಲೊ ಕಾಯಿಗೆ ಸುಮಾರು ಏಳು ಕಿಲೊ ಬೀಜ, ಅದನ್ನು ಗಾಣಕ್ಕೆ ಹಾಕಿದರೆ ಎರಡೂವರೆ ಕಿಲೊಗಿಂತ ಸ್ವಲ್ಪ ಹೆಚ್ಚು ಎಣ್ಣೆ, ಜೊತೆಗೆ ಹಿಂಡಿ. ಆದರೆ ಎಣ್ಣೆಯನ್ನು ಬಿಡಿಯಾಗಿ ಅಳೆದು ಮಾರುವುದಕ್ಕೆ ಆಹಾರ ಸುರಕ್ಷತಾ ನಿಯಮಗಳಲ್ಲಿ ನಿರ್ಬಂಧವಿದೆ. ಮೊಹರಾದ ಪೊಟ್ಟಣ, ಚೀಟಿ, ನೋಂದಣಿ ಬೇಕು. ರೈತ ತಾನು ಬೆಳೆದ ಕಾಳು ಮಾರಲು ಆ ಕಾಯಿದೆಯ ತೊಡಕಿಲ್ಲ. ಆದ್ದರಿಂದ ಒಬ್ಬಂಟಿ ರೈತ ಬೀಜ ಮಾರಲಿ, ಕೊಂಡವರು ತಾವೇ ಗಾಣಕ್ಕೆ ಒಯ್ಯಲಿ. ಎಣ್ಣೆಯ ವ್ಯವಹಾರವನ್ನು ರೈತ ಉತ್ಪಾದಕ ಸಂಸ್ಥೆಯೋ ಸ್ವಸಹಾಯ ಸಂಘವೋ ನೋಂದಾಯಿಸಿ ಮಾಡುವುದು ಒಳಿತು.

ಅಳತೆ ಮತ್ತು ಎಚ್ಚರಿಕೆ

ನಮ್ಮ ಹೆಂಗಸರು ಈಗಲೂ ಪಾವು, ಅಚ್ಚೇರು, ಸೇರು ಎಂದೇ ಕೇಳುತ್ತಾರೆ. ಮಾತು ಹಾಗೇ ಇರಲಿ, ತೂಕ ಮಾತ್ರ ಮುದ್ರೆ ಹಾಕಿಸಿದ ತಕ್ಕಡಿಯಲ್ಲಿ ಆಗಬೇಕು. ಕಾಲು ಕಿಲೊ, ಅರ್ಧ ಕಿಲೊ ಕೇಳಿದವರಿಗೆ ಇಲ್ಲವೆನ್ನಬಾರದು. ನೆರವಿನ ಹಣ ಸಣ್ಣ ಸಣ್ಣ ಮೊತ್ತದಲ್ಲೇ ಸಂತೆಗೆ ಬರುವುದು.

ಪಡಿತರದ ಅಕ್ಕಿ ಕೊಟ್ಟು ರಾಗಿಯನ್ನೋ ತರಕಾರಿಯನ್ನೋ ಕೇಳುವವರು ಸಂತೆಯಲ್ಲಿ ಎದುರಾಗುತ್ತಾರೆ. ಮುದ್ದೆಗೆ ಒಗ್ಗಿದ ಮನೆ ಹೆಚ್ಚಾದ ಅಕ್ಕಿಯನ್ನು ಬೇರೆ ಕಾಳಿಗೆ ಬದಲಿಸಲು ನೋಡುವುದು ಅರ್ಥವಾಗುವ ಮಾತು. ಆದರೆ ಪಡಿತರ ಧಾನ್ಯ ಕೊಳ್ಳುವುದು 1955ರ ಅಗತ್ಯ ವಸ್ತುಗಳ ಕಾಯಿದೆಯಡಿ ಅಪರಾಧ. ಅದನ್ನು ಸರಕಿನ ಬದಲಿಗೆ ತೆಗೆದುಕೊಂಡ ರೈತನಿಗೂ ತೊಂದರೆ ತಪ್ಪದು.

ಹಣದ ಬದಲು ಅಕ್ಕಿ ಬಂದ ಮೇಲೆ ಇದೆಲ್ಲ ಏಕೆ ಎಂದು ಕೇಳಬಹುದು. 2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಅದೇ ಮನೆಯಾಕೆಯ ಹೆಸರಿಗೇ ಗೊತ್ತಾಯಿತು. ಇನ್ನು 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟವು ಹೆಚ್ಚುವರಿ 5 ಕಿಲೊ ಅಕ್ಕಿಯ ಬದಲು ತೊಗರಿಬೇಳೆ, ಅಡುಗೆ ಎಣ್ಣೆ ಮೊದಲಾದವುಗಳ ಆಹಾರ ಕಿಟ್ ಕೊಡಲು ನಿರ್ಧರಿಸಿತು. ತೊಗರಿಯೂ ಎಣ್ಣೆಕಾಳೂ ಈ ನಾಲ್ಕು ತಾಲ್ಲೂಕುಗಳ ಬೆಳೆಗಳೇ. ಬ್ರೆಜಿಲ್ ದೇಶದಲ್ಲಿ 2009ರ ಒಂದು ಕಾಯಿದೆಯಂತೆ, ಶಾಲಾ ಊಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ ಶೇಕಡ 30ನ್ನು ಸಣ್ಣ ರೈತ ಕುಟುಂಬಗಳ ಉತ್ಪನ್ನ ಕೊಳ್ಳಲು ವಿನಿಯೋಗಿಸಬೇಕಾಗಿತ್ತು. ಅಂಥ ಒಂದು ಷರತ್ತನ್ನು ನಮ್ಮ ಬೇಳೆಯ ಖರೀದಿಗೂ ಸೇರಿಸಿರೆಂದು ಕೇಳಲು ಉತ್ಪಾದಕ ಸಂಸ್ಥೆಗಳಿಗೆ ಹಕ್ಕಿದೆ. ಆದರೆ ಕೇಳುವಾಗ ತೋರಿಸಲು ಬೇಳೆ ಕೈಯಲ್ಲಿರಬೇಕು.

ಅಕ್ಕಡಿ ತೊಗರಿಗೆ ಬಿ.ಆರ್.ಜಿ. 1 ಮತ್ತು ಬಿ.ಆರ್.ಜಿ. 5 ತಳಿಗಳು ಆಗಬಹುದು. ಮೊದಲನೆಯದನ್ನು ಹಸಿಕಾಯಿಯಾಗಿಯೂ ಸಂತೆಗೆ ಒಯ್ಯಬಹುದು. ಸೊರಗು ರೋಗ ಇರುವ ಹೊಲಕ್ಕೆ ಎರಡನೆಯದು ಲೇಸು. ಬೀಜಕ್ಕೆ ರೈಜೋಬಿಯಂ ಉಪಚಾರ ಮಾಡಿ ಬಿತ್ತಬೇಕು. ಬೀಜ ದೊರೆಯುವ ಬಗ್ಗೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮೇ ತಿಂಗಳಲ್ಲೇ ವಿಚಾರಿಸಿರಿ.