ದವನದ ಬೇಸಾಯ: ಹಿತ್ತಲಿನಲ್ಲಿಯೂ ಕುಂಡದಲ್ಲಿಯೂ ಬೆಳೆಯುವ ಕ್ರಮ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ಭೂಹಿಡುವಳಿದಾರರಿಗೂ ಗ್ರಾಮದ ಹಿರಿಯರಿಗೂ ಚೈತ್ರಮಾಸದ ದವನದ ವಿಷಯವನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಕೂಡುವ ದವನದ ಹುಣ್ಣಿಮೆಯ ಜಾತ್ರೆಗೆ ಹೋಗುವವರೂ, ಊರಲ್ಲಿಯೇ ಉಳಿದು ಮನೆದೇವರಿಗೆ ಏರಿಸುವವರೂ ಆ ದಿನ ಒಂದು ಹಿಡಿ ದವನಕ್ಕೆ ಪೇಟೆಯವನು ಹೇಳಿದ ಬೆಲೆಯನ್ನು ಕೊಟ್ಟು ಬರುತ್ತಾರೆ. ಹಿತ್ತಲಿನ ಒಂದೇ ಮಡಿಯಲ್ಲಿ ಬೆಳೆಯಬಹುದಾದ ಪದಾರ್ಥವನ್ನು ಹೀಗೆ ಕೊಂಡುತರುವುದೇಕೆ ಎಂದು ಕೇಳಿದರೆ, ಬಹುತೇಕ ಕಡೆಗಳಲ್ಲಿ ಒಂದೇ ಉತ್ತರ ಬರುತ್ತದೆ: "ಬಿತ್ತಿ ನೋಡಿದೆವು, ಹುಟ್ಟಲಿಲ್ಲ." ದೋಷವನ್ನು ಭೂಮಿಯ ಮೇಲೆ ಹೊರಿಸುವವರುಂಟು, ನೀರಿನ ಮೇಲೆ ಹೊರಿಸುವವರುಂಟು. ಆದರೆ ಹತ್ತರಲ್ಲಿ ಎಂಟು ಕಡೆ ದೋಷವು ಬೀಜದಲ್ಲಿಯೇ ಇರುತ್ತದೆ. ಆದುದರಿಂದ ಈ ಪತ್ರಿಕೆಯಲ್ಲಿ ಉಳಿದೆಲ್ಲಕ್ಕಿಂತ ಬೀಜದ ವಿಚಾರವನ್ನೇ ಹೆಚ್ಚಾಗಿ ಹೇಳಿದೆ.

ಸಸ್ಯದ ಪರಿಚಯ.— ದವನವು ಸೇವಂತಿಗೆ, ಸೂರ್ಯಕಾಂತಿಗಳ ಕುಲಕ್ಕೆ ಸೇರಿದ ವಾರ್ಷಿಕ ಸಸ್ಯ. ಶಾಸ್ತ್ರೀಯ ಹೆಸರು ಆರ್ಟಿಮೀಸಿಯಾ ಪ್ಯಾಲೆನ್ಸ್. ಒಂದರಿಂದ ಎರಡು ಅಡಿ ಎತ್ತರ ಬೆಳೆದು, ಬೂದುಹಸುರು ಬಣ್ಣದ ಸಣ್ಣಗೆ ಸೀಳಿದ ಎಲೆಗಳನ್ನೂ ಕಾಳಿನಷ್ಟು ಚಿಕ್ಕ ಹಳದಿ ಹೂಗಳನ್ನೂ ಬಿಡುತ್ತದೆ. ಬೀಜ ಕಟ್ಟಿದ ಮೇಲೆ ಗಿಡವು ಒಣಗಿಹೋಗುತ್ತದೆ. ಇದನ್ನು ಮಾಚಿಪತ್ರೆಯೊಡನೆ ಬೆರೆಸತಕ್ಕದ್ದಲ್ಲ. ಮಾಚಿಪತ್ರೆಯೂ ಇದೇ ಬಳಗದ್ದೇ ಆದರೂ ಅದರ ಎಲೆ ಅಗಲವಾಗಿ, ಕೆಳಮೈ ಬಿಳುಪಾಗಿರುತ್ತದೆ. ಅದು ಹಲವು ವರ್ಷ ಬಾಳುವ ಗಿಡ, ಬುಡದ ಬೇರುಸಹಿತ ಕವಲನ್ನು ನೆಟ್ಟರೆ ಸಾಕು, ಬೀಜದ ಚಿಂತೆಯಿಲ್ಲ. ದವನಕ್ಕೆ ಆ ಸೌಕರ್ಯವಿಲ್ಲ.

ಪಟ್ಟಣದಲ್ಲಿ ಓದಿ ಬಂದ ತರುಣರು ಇತ್ತೀಚೆಗೆ ಟ್ಯಾರಗನ್ ಎಂಬ ಸೊಪ್ಪನ್ನು ಕುಂಡದಲ್ಲಿ ಬೆಳೆಯಬಹುದೇ ಎಂದು ವಿಚಾರಿಸುತ್ತಾರೆ. ಅದೂ ದವನದ ದಾಯಾದಿಯೇ. ಫ್ರಾನ್ಸ್ ದೇಶದವರು ಅದನ್ನು ಅಡುಗೆಗೂ ಸಿರ್ಕಾಕ್ಕೂ ಹಾಕುತ್ತಾರೆ. ಆದರೆ ಸುವಾಸನೆಯುಳ್ಳ ಫ್ರೆಂಚ್ ಜಾತಿಯು ಮೊಳೆಯುವ ಬೀಜವನ್ನು ಕಟ್ಟುವುದಿಲ್ಲ. ಬೇರು ಸೀಳಿ ಅಥವಾ ತುಂಡು ನೆಟ್ಟೇ ಬೆಳೆಸಬೇಕು. ಬೀಜವೆಂದು ಮಾರುವುದು ಸಾಮಾನ್ಯವಾಗಿ ರಷ್ಯದ ಜಾತಿ, ಅದರ ಪರಿಮಳ ಬಹಳ ಮಂದ. ಮೇಲಾಗಿ ಆ ಗಿಡಕ್ಕೆ ವರ್ಷಕ್ಕೊಮ್ಮೆ ಕಡುಚಳಿಯ ವಿಶ್ರಾಂತಿ ಬೇಕು. ನಮ್ಮ ಬೇಸಿಗೆಯಲ್ಲಿ ಅದಕ್ಕಾಗಿ ಶ್ರಮಪಡುವುದಕ್ಕಿಂತ ದವನವನ್ನು ಬೆಳೆಯುವುದು ಲೇಸು. ಆದರೆ ದವನವು ಅಡುಗೆಯ ಸೊಪ್ಪಲ್ಲ, ಅದು ಕಹಿ. ಮಾಲೆಗೂ ಮುಡಿಗೂ ಪೆಟ್ಟಿಗೆಯ ಬಟ್ಟೆಗೂ ಅದು ಒದಗತಕ್ಕದ್ದು.

ಕಾಲ.— ಕಡಲೆಗೆ ಒಪ್ಪುವ ಹವೆಯೇ ದವನಕ್ಕೂ ಒಪ್ಪುತ್ತದೆ: ಮಳೆ ಹಿಂದೆಗೆದಿರಬೇಕು, ರಾತ್ರಿ ತಂಪಿರಬೇಕು, ಹಗಲು ಬಿಸಿಲಿರಬೇಕು. ಮಳೆಗಾಲದಲ್ಲಿ ಬಿತ್ತಿದ ದವನವು ಕೊಳೆತುಹೋಗುವುದು. ಅಕ್ಟೋಬರ ಕೊನೆಯಿಂದ ನವೆಂಬರ ನಡುವಿನವರೆಗೆ ಬಿತ್ತುವುದು ಉತ್ತಮ. ಆ ಪೈರು ಫೆಬ್ರವರಿ ಮಾರ್ಚಿಯಲ್ಲಿ ಹೂವಿಗೆ ಬರುತ್ತದೆ. ಇಲ್ಲಿ ಒಂದು ತೊಡಕುಂಟು. ದವನದ ಹುಣ್ಣಿಮೆಯು ಚಾಂದ್ರಮಾನದಂತೆ ಬರುವುದರಿಂದ ದಿನಾಂಕ ನಿಲ್ಲುವುದಿಲ್ಲ: 2024ರಲ್ಲಿ ಏಪ್ರಿಲ್ 23ಕ್ಕೆ ಬಂದ ಹುಣ್ಣಿಮೆಯು 2025ರಲ್ಲಿ ಏಪ್ರಿಲ್ 12ಕ್ಕೇ ಬಂತು. ಆದುದರಿಂದ ಪಂಚಾಂಗವನ್ನು ನೋಡಿ, ಬೀಜವನ್ನು ಎರಡು ಪಾಲು ಮಾಡಿ, ಮೊದಲ ಪಾಲನ್ನು ನವೆಂಬರ ಮೊದಲ ವಾರದಲ್ಲಿಯೂ ಎರಡನೆಯದನ್ನು ಡಿಸೆಂಬರ ಮೊದಲಲ್ಲಿಯೂ ಬಿತ್ತತಕ್ಕದ್ದು. ಮೊದಲನೆಯದು ಬೀಜಕ್ಕೆ, ಎರಡನೆಯದು ಹಬ್ಬಕ್ಕೆ. ಎರಡನೆಯ ಪೈರು ಕುಳ್ಳಾಗಿ ಬಂದೀತು. ಆದರೂ ಹಬ್ಬದ ಹೊತ್ತಿಗೆ ಹಸುರಾಗಿರುವುದು ಅದೇ.

ಬೀಜ.— ಜೋಳದ ಬೀಜವು ಹಗೇವಿನಲ್ಲಿ ಕೆಲವು ಕಾಲ ಇದ್ದು ಮೊಳೆತೀತು. ದವನದ ಬೀಜವು ಹಾಗಲ್ಲ. ಅದು ಧೂಳಿನಷ್ಟು ಸಣ್ಣದು, ಒಡಲಲ್ಲಿ ಸತ್ವ ಕಡಿಮೆ, ಬೇಗನೆ ಜೀವ ಕಳೆದುಕೊಳ್ಳುತ್ತದೆ. ಈ ಚೈತ್ರದಲ್ಲಿ ಕೂಡಿಸಿದ ಬೀಜವನ್ನು ಬರುವ ಕಾರ್ತಿಕದಲ್ಲಿ ಬಿತ್ತಿದರೆ ಹುಟ್ಟುತ್ತದೆ. ಅದನ್ನೇ ಮತ್ತೊಂದು ವರ್ಷ ಇಟ್ಟು ಬಿತ್ತಿದರೆ ಹುಟ್ಟುವ ಭರವಸೆಯಿಲ್ಲ. ನೋಟಕ್ಕೆ ಎರಡಕ್ಕೂ ಭೇದವಿಲ್ಲದಿರುವುದೇ ಮೋಸದ ಮೂಲ. ಈ ಲೇಖಕನೂ ಒಮ್ಮೆ ಒಂದು ಅಂಗಡಿಯ ಪೊಟ್ಟಣವನ್ನು ನಂಬಿ ನಾಲ್ಕು ಮಡಿಗಳನ್ನು ಹದಮಾಡಿಸಿ, ಹದಿನೈದು ದಿನ ನೀರು ಹೊಯ್ಯಿಸಿ, ಕೊನೆಗೆ ಕಳೆಯನ್ನಲ್ಲದೆ ಬೇರೇನನ್ನೂ ಕಾಣಲಿಲ್ಲ.

ಅದರಿಂದ ಬಿತ್ತುವುದಕ್ಕೆ ಎರಡು ವಾರ ಮೊದಲು ಪರೀಕ್ಷೆ ಮಾಡತಕ್ಕದ್ದು. ನೂರು ಬೀಜಗಳನ್ನು ಎಣಿಸಿ ಒದ್ದೆ ಬಟ್ಟೆಯ ಮೇಲೆ ಹರಡಿ, ತಟ್ಟೆಯನ್ನು ಮುಚ್ಚಿ, ಬಟ್ಟೆ ಆರದಂತೆ ಒಂದು ವಾರ ನೋಡಿರಿ. ಅರ್ಧಕ್ಕೆ ಮೇಲ್ಪಟ್ಟು ಮೊಳೆತರೆ ಎಂದಿನಂತೆ ಬಿತ್ತಬಹುದು. ಕಾಲುಭಾಗ ಮೊಳೆತರೆ ಇಮ್ಮಡಿ ಬೀಜ ಬೇಕು. ಐದಾರು ಮಾತ್ರ ಮೊಳೆತರೆ ಅದನ್ನು ಚೆಲ್ಲಿ ಬೇರೆ ಕಡೆ ಹುಡುಕತಕ್ಕದ್ದು. ಎರಡು ವಾರದ ಅವಕಾಶವಿದ್ದರೆ ಹುಡುಕುವುದಕ್ಕೆ ಸಾಧ್ಯ.

ಬೀಜವನ್ನು ಕೂಡಿಸುವುದು ಕಷ್ಟವಲ್ಲ. ಚೆನ್ನಾಗಿ ಬೆಳೆದ ಹತ್ತಿಪ್ಪತ್ತು ಗಿಡಗಳನ್ನು ಕೊಯ್ಯದೆ ಬಿಟ್ಟು, ಹೂಗಳು ಕಂದುಬಣ್ಣಕ್ಕೆ ತಿರುಗಿದ ಮೇಲೆ ಬೆಳಗಿನ ಹೊತ್ತು ಕಿತ್ತು, ನೆರಳಿನಲ್ಲಿ ಬಿಳಿಬಟ್ಟೆಯ ಮೇಲೆ ಒಣಗಿಸಿ, ಕೈಯಲ್ಲಿ ಮೆಲ್ಲಗೆ ಉಜ್ಜಿ ಜಾಲಿಸಬೇಕು. ಬೀಜವನ್ನು ಕೆಡಿಸುವುದು ನಡುವೆ ಬರುವ ಮಳೆಗಾಲದ ತೇವ. ಆದುದರಿಂದ ಗಾಜಿನ ಬಾಟಲಿಯ ತಳದಲ್ಲಿ ಒಣ ಇದ್ದಿಲಿನ ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿಟ್ಟು, ಮೇಲೆ ಬೀಜದ ಪೊಟ್ಟಣವನ್ನಿಟ್ಟು, ಬಿಗಿಯಾಗಿ ಮುಚ್ಚಿ, ತಂಪಾದ ಕತ್ತಲೆಯ ಸ್ಥಳದಲ್ಲಿ ಇಡತಕ್ಕದ್ದು. ಒಲೆಯ ಮೇಲಿನ ಹಲಗೆಯು ತಕ್ಕ ಸ್ಥಳವಲ್ಲ. ಬಾಟಲಿಯ ಮೇಲೆ ತಿಂಗಳನ್ನೂ ವರ್ಷವನ್ನೂ ಬರೆಯಬೇಕು.

ಸಸಿಮಡಿ.— ಒಂದು ಗುಂಟೆಗೆ ಸುಮಾರು 15 ಗ್ರಾಂ ಬೀಜ ಸಾಕು, ಅಂದರೆ ಒಂದು ತೊಲಕ್ಕಿಂತ ಸ್ವಲ್ಪ ಹೆಚ್ಚು. ಬೀಜವನ್ನು ನಯವಾದ ಮರಳಿನಲ್ಲಿ ಬೆರೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಎರಡು ದಿನವಿಟ್ಟು, ಮಟ್ಟಸವಾದ ಮಡಿಯ ಮೇಲೆ ತೆಳ್ಳಗೆ ಚೆಲ್ಲಿ, ಬೀಜ ಮರೆಯಾಗುವಷ್ಟು ಮಾತ್ರ ಜರಡಿ ಹಿಡಿದ ಗೊಬ್ಬರವನ್ನು ಉದುರಿಸಬೇಕು. ಆಳಕ್ಕೆ ಹೋದ ಬೀಜ ಮೇಲೆ ಬರುವುದಿಲ್ಲ. ಸಣ್ಣ ತೂತಿನ ಝಾರಿಯಿಂದ ನೀರು ಚಿಮುಕಿಸಿರಿ. ಬಿತ್ತಿದ ಮೂರು ನಾಲ್ಕು ದಿನಕ್ಕೆ ಮೊಳಕೆ ಕಾಣುತ್ತದೆ. ಒತ್ತಾಗಿ ಹುಟ್ಟಿದ ಸಸಿಗಳು ನೆಲಮಟ್ಟದಲ್ಲಿ ಕೊಳೆತು ಮಗುಚಿ ಬೀಳುವುದುಂಟು. ಆಗ ನೀರನ್ನು ತಗ್ಗಿಸಿ, ಬೆಳಗಿನಲ್ಲಿ ಮಾತ್ರ ಹಾಕಿ, ಒತ್ತನ್ನು ಬಿಡಿಸಬೇಕು. ಸಂಜೆಯ ನೀರು ಈ ರೋಗಕ್ಕೆ ದಾರಿ.

ನಾಟಿ.— ಸುಮಾರು ಆರು ವಾರಕ್ಕೆ, ಸಸಿಗಳು ನಾಲ್ಕು ಅಂಗುಲವಾದಾಗ, ಸಾಲಿಗೆ ಸಾಲು ಆರು ಅಂಗುಲ, ಗಿಡಕ್ಕೆ ಗಿಡ ಮೂರು ಅಂಗುಲದಂತೆ ಸಂಜೆ ಹೊತ್ತಿನಲ್ಲಿ ನೆಡುವುದು. ಕುಂಡವಾದರೆ ಹನ್ನೆರಡು ಅಂಗುಲ ಬಾಯಿಯದಕ್ಕೆ ಐದಾರು ಸಸಿ. ತೂತು ಮಾಡಿದ ಹಳೆಯ ತಗಡಿನ ಡಬ್ಬವೂ ನಡೆಯುತ್ತದೆ. ಘಟಪ್ರಭೆಯ ದಂಡೆಯ ಎರೆಮಣ್ಣನ್ನು ಕುಂಡಕ್ಕೆ ಹಾಗೆಯೇ ತುಂಬತಕ್ಕದ್ದಲ್ಲ. ಅದು ನೀರನ್ನು ಹಿಡಿದು ಬೇರನ್ನು ಕೊಳೆಯಿಸುತ್ತದೆ, ಆರಿದರೆ ಬಿರಿಯುತ್ತದೆ. ಕೆಂಪುಮಣ್ಣು ಎರಡು ಪಾಲು, ಮರಳು ಒಂದು, ಪೂರ್ಣ ಕಳಿತ ತಿಪ್ಪೆಗೊಬ್ಬರ ಒಂದು, ಇದೇ ಹದ. ಎರೆಭೂಮಿಯ ಹಿತ್ತಲಿನಲ್ಲಿ ನೆಡುವವರು ಮಡಿಯನ್ನು ಅರ್ಧ ಅಡಿ ಎತ್ತರಿಸಿ, ಬದಿಯಲ್ಲಿ ನೀರು ಹೋಗಲು ದಾರಿ ಬಿಡಬೇಕು.

ನೀರು.— ಧೂಪದಾಳದ ಒಡ್ಡು, ಹಿಡಕಲ್ ಜಲಾಶಯಗಳ ಕಾಲುವೆ ಬಂದಲ್ಲಿ ಕಬ್ಬಿಗೆ ನೀರು ಹೆಚ್ಚು ಹಾಯಿಸಿ ಸವಳಾದ ಭೂಮಿಯನ್ನು ನೀವೇ ಕಂಡಿದ್ದೀರಿ. ಕುಂಡದಲ್ಲಿಯೂ ಅದೇ ಕಥೆ ಚಿಕ್ಕದಾಗಿ ನಡೆಯುತ್ತದೆ. ಉಪ್ಪುನೀರಿನ ಬಾವಿಯಿಂದ ದಿನವೂ ಸ್ವಲ್ಪಸ್ವಲ್ಪ ಹಾಕುತ್ತ ಹೋದರೆ ಮಣ್ಣಿನ ಮೇಲೆ ಬಿಳಿಯ ಪೊರೆ ಕೂಡುತ್ತದೆ. ಆಗ ಸಿಹಿನೀರನ್ನು ತೂತಿನಿಂದ ಹರಿದುಹೋಗುವವರೆಗೆ ಹೊಯ್ದು ತೊಳೆಯಬೇಕು. ನೆಲದ ಮಡಿಗೆ ಬೇರೂರಿದ ಮೇಲೆ ನಾಲ್ಕು ದಿನಕ್ಕೊಮ್ಮೆ ಹದವಾದ ನೀರು ಸಾಕು.

ಹೇನು ಹತ್ತಿದರೆ ಒಂದು ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ಹುಡಿಯನ್ನು ರಾತ್ರಿ ನೆನೆಯಿಟ್ಟು ಸೋಸಿ ಸಿಂಪಡಿಸಿರಿ. ಮುಡಿಗೂ ದೇವರಿಗೂ ಹೋಗುವ ಸೊಪ್ಪಿಗೆ ವಿಷದ ಔಷಧಗಳನ್ನು ಹೊಡೆಯುವುದು ಸರ್ವಥಾ ಯೋಗ್ಯವಲ್ಲ.

ಕೊಯ್ಲು.— ಮಾಲೆಗೆ ಮೊಗ್ಗು ಕಾಣುವಾಗಿನಿಂದ, ಇಬ್ಬನಿ ಆರಿದ ಮೇಲೆ ಕೊಯ್ಯಬಹುದು. ಅರಳಿದ ಗಿಡದ ಪರಿಮಳ ಹೆಚ್ಚು, ನೆರಳಿನಲ್ಲಿ ಒಣಗಿಸಿದರೆ ಇನ್ನೂ ಹೆಚ್ಚು. ಒಣಗಿದ ಕಟ್ಟನ್ನು ಸೀರೆಯ ಪೆಟ್ಟಿಗೆಯಲ್ಲಿ ಇಡುವ ನಮ್ಮ ಹೆಂಗಸರ ರೂಢಿಯು ಯುಕ್ತವಾದದ್ದೇ.

ಗುಂಟೆಯಲ್ಲಿ ಇಷ್ಟು ಬಂದರೆ ಎಕರೆಯಲ್ಲಿ ಎಷ್ಟು ಎಂದು ಲೆಕ್ಕ ಹಾಕುವವರಿಗೆ ಒಂದು ಮಾತು. ಹದವಾಗಿ ಬೆಳೆದರೆ ಗುಂಟೆಗೆ ನೂರು ಕಿಲೋಗ್ರಾಂಗೆ ಮೇಲ್ಪಟ್ಟು ಹಸಿ ಸೊಪ್ಪು ಬರುತ್ತದೆ, ನಿಜ. ಆದರೆ ಹುಣ್ಣಿಮೆಯ ಮರುದಿನ ಅದನ್ನು ಕೇಳುವವರಿಲ್ಲ. ಎಣ್ಣೆಯು ಸುಗಂಧದ ವ್ಯಾಪಾರದಲ್ಲಿ ಬೆಲೆಯುಳ್ಳದ್ದೇ. ಆದರೆ ಒಂದು ಹೆಕ್ಟೇರಿನ ಪೈರನ್ನು ಭಟ್ಟಿಯಿಳಿಸಿದರೆ ಸಿಕ್ಕುವುದು ಸುಮಾರು ಹತ್ತು ಕಿಲೋಗ್ರಾಂ, ಅಂದರೆ ಗುಂಟೆಗೆ ನೂರು ಗ್ರಾಂ. ಭಟ್ಟಿಯೂ ಕೊಳ್ಳುವವನೂ ಮೊದಲೇ ಗೊತ್ತಾಗದೆ ಎಕರೆಗೆ ಕೈಹಾಕತಕ್ಕದ್ದಲ್ಲ. ಆ ಉದ್ದೇಶವುಳ್ಳವರು ಬೆಂಗಳೂರಿನಲ್ಲಿರುವ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯ ಸಂಸ್ಥೆಯ ಸಂಶೋಧನಾ ಕೇಂದ್ರವನ್ನು ಮೊದಲು ವಿಚಾರಿಸುವುದು ಒಳಿತು.

ಹಿತ್ತಲಿನ ಬೆಳೆಗಾರರಿಗಾದರೋ ಊರ ಹಿರಿಯರಿಂದ ಒಂದು ಸಹಾಯ ಬೇಕು. ಒಂದು ಮನೆಯವರು ಒಂದು ವರ್ಷ ಬೀಜ ತಪ್ಪಿಸಿದರೆ ಆ ಮನೆಯಲ್ಲಿ ದವನ ನಿಂತಿತು. ಊರಿಗೆ ಒಬ್ಬರೇ ಬೆಳೆಗಾರರಿದ್ದರೆ ಊರಲ್ಲಿಯೇ ನಿಂತಿತು. ಆದುದರಿಂದ ಪ್ರತಿ ಗ್ರಾಮದಲ್ಲಿ ಮೂರು ಮನೆಗಳನ್ನಾದರೂ ಗೊತ್ತುಮಾಡಿ, ಒಂದು ಬಾವಿಯ ನೀರಿನವು, ಒಂದು ಕಾಲುವೆಯ ನೀರಿನದು ಇರುವಂತೆ ನೋಡಿಕೊಂಡು, ಮೂವರೂ ಚೈತ್ರದಲ್ಲಿ ಬೀಜ ಹಿಡಿದು ಆಶ್ವಯುಜದಲ್ಲಿ ಪರೀಕ್ಷೆ ಮಾಡುವಂತೆ ಏರ್ಪಡಿಸಿರಿ. ಯಾರ ಬಾಟಲಿಯಲ್ಲಿ ಹೆಚ್ಚು ಮೊಳೆಯಿತೋ ಅವರಿಂದ ಉಳಿದವರು ಒಂದೊಂದು ತೊಲ ತೆಗೆದುಕೊಂಡು, ಮುಂದಿನ ಚೈತ್ರದಲ್ಲಿ ಅಷ್ಟನ್ನೇ ಹಿಂದಿರುಗಿಸತಕ್ಕದ್ದು.