ಮಲೇರಿಯಕ್ಕೆ ಗಡಿಯಿಲ್ಲ

ಕಾರವಾರದಿಂದ ಅಂಕೋಲೆಗೆ ಪಯಣಿಸುವವರ ಬಲಕ್ಕೆ ಕಡಲು, ಎಡಕ್ಕೆ ಸಹ್ಯಾದ್ರಿಯ ಸಾಲು. ಬೆಟ್ಟದಿಂದಿಳಿಯುವ ತಿಳಿನೀರಿನ ಹಳ್ಳಗಳನ್ನು ಕಂಡು ಮೆಚ್ಚದವರು ವಿರಳ. ಆದರೆ ಒಂದು ಕಾಲದಲ್ಲಿ ಘಟ್ಟದ ಬುಡದ ಜನರಿಗೆ ಇಂತಹ ಹಳ್ಳಗಳೇ ಚಳಿಜ್ವರದ ಮೂಲವಾಗಿದ್ದುವು. ಹುಲ್ಲು ಬೆಳೆದ ಅಂಚಿನಲ್ಲಿ, ಮೆಲ್ಲನೆ ಹರಿಯುವ ನೀರಿನಲ್ಲಿ ಮೊಟ್ಟೆಯಿಡುವ ‘ಅನಾಫಿಲಿಸ್ ಫ್ಲುವಿಯಾಟಿಲಿಸ್’ ಎಂಬ ಸೊಳ್ಳೆಯೇ ಈ ಸೀಮೆಯಲ್ಲಿ ಮಲೇರಿಯದ ಮುಖ್ಯ ವಾಹಕ. ಮತ್ತೆ ಮತ್ತೆ ಜ್ವರ ಬಂದು, ಜ್ವರಗಡ್ಡೆಯಿಂದ ಹೊಟ್ಟೆ ಉಬ್ಬಿದ ಮಕ್ಕಳು ಮಲೇರಿಯ ನೆಲಸಿದ ಊರುಗಳ ಗುರುತಾಗಿದ್ದರು.

ಈ ರೋಗವನ್ನು ಅರಿಯುವುದಕ್ಕೇ ಹಲವು ದೇಶಗಳ ಬುದ್ಧಿ ಬೇಕಾಯಿತು. 1880ರಲ್ಲಿ ಫ್ರಾನ್ಸಿನ ಲಾವೆರಾನ್ ಆಲ್ಜೀರಿಯದಲ್ಲಿ ರೋಗಿಯ ರಕ್ತದೊಳಗೆ ರೋಗಾಣುವನ್ನು ಕಂಡನು. 1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಅದನ್ನು ಸೊಳ್ಳೆಯ ಒಡಲಿನಲ್ಲಿ ಗುರುತಿಸಿದನು. 1939ರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ ಡಿ.ಡಿ.ಟಿ.ಯ ಕೀಟನಾಶಕ ಗುಣವನ್ನು ಕಂಡುಹಿಡಿದನು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಹೇನು, ಸೊಳ್ಳೆಗಳಿಂದ ಕಾಪಾಡಿದ ಈ ಪುಡಿ, ಯುದ್ಧ ಮುಗಿದೊಡನೆ ಹಳ್ಳಿಯ ಗುಡಿಸಲಿಗೂ ಬಂದಿತು. 1946ರಲ್ಲಿ, ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡ ಹಾಗೂ ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯೊಳಗಣ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯವನ್ನು ಡಾ. ಡಿ. ಕೆ. ವಿಶ್ವನಾಥನ್ ಕೈಗೊಂಡರು. ಕೀಟವಿಜ್ಞಾನಿ ಟಿ. ರಾಮಚಂದ್ರ ರಾವ್ ಅವರ ಸಹೋದ್ಯೋಗಿ.

ಹಳ್ಳದಲ್ಲಿ ಹುಟ್ಟುವ ಸೊಳ್ಳೆಗೆ ಗೋಡೆಯ ಮೇಲೇಕೆ ಮದ್ದು ಎಂದು ವಿದ್ಯಾರ್ಥಿಗಳು ಕೇಳಬಹುದು. ರಕ್ತ ಹೀರಿದ ಸೊಳ್ಳೆ ಗೋಡೆಯ ಮೇಲೆ ಕುಳಿತು ವಿಶ್ರಮಿಸುತ್ತದೆ. ಅದು ಒಡನೆಯೇ ರೋಗವನ್ನು ಹರಡಲಾರದು. ರೋಗಾಣು ಅದರೊಳಗೆ ಬಲಿತು ಜೊಲ್ಲಿನ ಗ್ರಂಥಿಗಳನ್ನು ಸೇರಲು ಸುಮಾರು 10 ದಿನ ಬೇಕು. ಈಗ ಒಂದು ಲೆಕ್ಕ ಮಾಡೋಣ. ದಿನವೂ ನೂರಕ್ಕೆ 90 ಸೊಳ್ಳೆಗಳು ಬದುಕಿ ಉಳಿಯುವುದಾದರೆ, 1000 ಸೊಳ್ಳೆಗಳಲ್ಲಿ 10 ದಿನಗಳ ತರುವಾಯ ಸುಮಾರು 349 ಉಳಿಯುತ್ತವೆ. ದಿನಕ್ಕೆ ಅರ್ಧದಷ್ಟು ಸತ್ತರೆ 500, 250, 125 ಎಂದು ಇಳಿಯುತ್ತ ಹತ್ತನೆಯ ದಿನಕ್ಕೆ ಉಳಿಯುವುದು ಒಂದೇ! ವಿಕಿರಣಶೀಲ ಧಾತುವಿನ ಅರ್ಧಾಯುಷ್ಯಕ್ಕೂ ಇದೇ ಗಣಿತ. ಸೊಳ್ಳೆಯ ಕುಲವನ್ನೇ ಅಳಿಸಬೇಕಿಲ್ಲ, ಅದರ ಆಯುಷ್ಯವನ್ನು ಕುಗ್ಗಿಸಿದರೆ ಸಾಕು. ಇಂಗ್ಲೆಂಡಿನ ಜಾರ್ಜ್ ಮ್ಯಾಕ್‌ಡೊನಾಲ್ಡ್ 1950ರ ದಶಕದಲ್ಲಿ ಇದನ್ನು ಗಣಿತದ ಮೂಲಕ ಸ್ಥಾಪಿಸಿದನು.

ಆದರೆ ಒಂದು ಜಿಲ್ಲೆಯೋ ಒಂದು ದೇಶವೋ ಒಂಟಿಯಾಗಿ ಗೆಲ್ಲುವ ಹೋರಾಟ ಇದಲ್ಲ. ಕಾರವಾರದ ನೆರೆಯ ಗೋವೆ 1961ರವರೆಗೆ ಪೋರ್ತುಗೀಜರ ಆಳ್ವಿಕೆಯಲ್ಲಿತ್ತು. ಮನುಷ್ಯರಿಗೆ ಅಲ್ಲಿ ಗಡಿಯಿತ್ತು, ಸೊಳ್ಳೆಗೆ ಗಡಿಯೆಲ್ಲಿಯದು? 1948ರ ಏಪ್ರಿಲ್ 7ರಂದು ಜನ್ಮತಾಳಿದ ವಿಶ್ವ ಆರೋಗ್ಯ ಸಂಸ್ಥೆಯು, ಸಕಲ ಜನರ ಆರೋಗ್ಯವೇ ಶಾಂತಿಗೆ ತಳಹದಿಯೆಂದು ತನ್ನ ಸಂವಿಧಾನದಲ್ಲಿ ಸಾರಿತು. ಮರುವರ್ಷವೇ ಆ ಸಂಸ್ಥೆಯ ತಂಡವು ಯುನಿಸೆಫ್‌ನ ನೆರವಿನೊಡನೆ ಮೈಸೂರಿನ ಮಲೆನಾಡಿನಲ್ಲಿ ಕೆಲಸಕ್ಕಿಳಿಯಿತು. 1953ರಲ್ಲಿ ಭಾರತದ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮ ಮೊದಲಾಯಿತು. 1947ರಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯ ತಗಲುತ್ತಿತ್ತೆಂದು ಅಂದಾಜು. 1965ರಲ್ಲಿ ದಾಖಲಾದ ರೋಗಿಗಳು ಸುಮಾರು ಒಂದು ಲಕ್ಷ ಮಾತ್ರ.

ಗೆದ್ದೆವೆಂದು ಮೈಮರೆತಾಗ ರೋಗ ಮರಳಿತು. ಸೊಳ್ಳೆಗಳು ಮದ್ದಿಗೆ ಒಗ್ಗಿಕೊಂಡವು, ಕಾವಲು ಸಡಿಲವಾಯಿತು. 1976ರಲ್ಲಿ ಭಾರತದ ರೋಗಿಗಳ ಸಂಖ್ಯೆ 64 ಲಕ್ಷಕ್ಕೇರಿತು. ಡಿ.ಡಿ.ಟಿ.ಯೂ ನಿರ್ದೋಷಿಯಲ್ಲ. ಅದು ಮಣ್ಣು ನೀರುಗಳಲ್ಲಿ ಬಹುಕಾಲ ಉಳಿದು ಹಕ್ಕಿಗಳಿಗೆ ಹಾನಿಮಾಡುವುದರಿಂದ, 2001ರ ಸ್ಟಾಕ್‌ಹೋಮ್ ಒಪ್ಪಂದವು ಅದರ ಬಳಕೆಯನ್ನು ರೋಗವಾಹಕಗಳ ನಿಯಂತ್ರಣಕ್ಕಷ್ಟೇ ಸೀಮಿತಗೊಳಿಸಿತು.

ಶ್ರೀಲಂಕೆಯ ಕಥೆ ಇನ್ನೂ ಬೋಧಪ್ರದ. 1963ರಲ್ಲಿ ಅಲ್ಲಿ ಕಂಡುಬಂದವರು 17 ರೋಗಿಗಳು ಮಾತ್ರ. ಕೆಲವೇ ವರ್ಷಗಳಲ್ಲಿ ಅದು ಲಕ್ಷಗಳನ್ನು ಮುಟ್ಟಿತು. ಮುಂದೆ ಅಂತರ್ಯುದ್ಧದ ನಡುವೆಯೂ ಎರಡು ಪಕ್ಷಗಳು ಮಲೇರಿಯ ಕಾರ್ಯಕರ್ತರಿಗೆ ಎಡೆಮಾಡಿಕೊಟ್ಟವು. 2016ರಲ್ಲಿ ಆ ದ್ವೀಪವು ಮಲೇರಿಯಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಬಂದೂಕು ಹಿಡಿದವರು ಕೂಡ ಒಪ್ಪಿದ ಕೆಲಸವಿದು.

ಭಾರತವು 2030ರೊಳಗೆ ಮಲೇರಿಯವನ್ನು ತೊಡೆದುಹಾಕುವ ಗುರಿಯಿಟ್ಟುಕೊಂಡಿದೆ. ಇದರಲ್ಲಿ ನಮ್ಮ ಪಾಲೂ ಉಂಟು. ಚಳಿಜ್ವರ ಬಂದೊಡನೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು, ವೈದ್ಯರು ಕೊಟ್ಟ ಮದ್ದನ್ನು ಪೂರ್ತಿ ಮುಗಿಸುವುದು, ಸೊಳ್ಳೆಪರದೆಯೊಳಗೆ ಮಲಗುವುದು ಇವು ಸಣ್ಣ ಕಾರ್ಯಗಳೇ. ಆದರೆ ಒಬ್ಬ ರೋಗಿ ಬೇಗ ಗುಣಹೊಂದಿದರೆ ಅವನ ನೆರೆಹೊರೆಯೂ, ಗಡಿಯಾಚೆಯ ನೆರೆಯವನೂ ಅಷ್ಟರಮಟ್ಟಿಗೆ ಸುರಕ್ಷಿತರು.